ಗ್ಯಾನಪ್ಪನ ರೊಟ್ಟಿ

ನಮ್ಮೂರ ಗಂಡಸರ ಕಾಲು ಮಗ್ಗದ ಕುಣಿಯೊಳಗಿದ್ದವು.
ಕೈಯಾಗ ಲಾಳಿ, ಬಾಯಾಗ ಎಲಿ-ಅಡಕಿ,
ಎದ್ದು ಆಕಳ ಹಿಂದ ಹೋಗೋ ಪುರಸೊತ್ತು
ಗುಳೇದಗುಡ್ಡದಾಗ ಯಾರಿಗಿತ್ತು?
ಹಂಗಂತ ಹಾಲಿಲ್ಲದ ಚಹಾ ಕುಡಿಯೋ ಮಂದಿಯೂ ಅಲ್ಲ.
ಮನಿಗೊಂದು ಆಕಳ, ಇಲ್ಲಾಂದ್ರ ಒಂದು ಎಮ್ಮಿ,
ಎಲ್ಲಕ್ಕೂ ಸೇರಿ ಒಬ್ಬ ಗ್ಯಾನಪ್ಪ.

ಮುಂಜಾನೆ ಓಣಿಯ ಬಾಯಿಗೆ ನಿಂತು
"ಹೋ... ಬಿಡ್ರೆವ್ವಾ" ಅನ್ನಾಂವ.
ಕಣ್ಣಿ ಬಿಚ್ಚಿದರ ಮುಗೀತು,
ದನ ತಾವಾಗೇ ಹೊರಬಿದ್ದು
ನಮ್ಮ ಕಿಡಕಿ ಮುಂದ ಹಾಯ್ದು
ಅಗಸಿ ದಾಟಿ ಮಡ್ಡಿಗೆ.
ಕುಣಿಯಾಗ ಕುಂತ ಅಪ್ಪಗ ಬರೇ ಕಾಲು ಕಾಣತಿದ್ದವು.
ಕಾಲು ನೋಡೇ ಹೇಳತಿದ್ದ,
"ಅದು ತಟ್ಟಿಯವರ ಕಬರಿ.
ಗೊರಸು ಒಡದಾವ, ಎಣ್ಣಿ ಹಚ್ಚಂತ ಹೇಳ್ರಿ ಅವರಿಗೆ."

ಪಗಾರ ಅಂದ್ರ ದಿನಾ ಮನಿಗೊಂದು ರೊಟ್ಟಿ,
ವರ್ಷಕ್ಕ ದನಕ್ಕೆರಡು ಸೇರು ಜ್ವಾಳ.
ಹೆಣ್ಣುಗರ ಹಾಕಿದರ ಒಂದು ಚರಗಿ ಗಿಣ್ಣದ ಹಾಲು,
ಗಂಡುಗರ ಆದರ ಒಂದು ಚೂರು ಬೆಲ್ಲ, ಅಷ್ಟ.

ನಾವು ಹುಡುಗೇರು ಬುಟ್ಟಿ ಹೊತ್ತು ಹಿಂಡಿನ ಹಿಂದ.
ಹೆಂಡಿ ಬಿದ್ದ ಕೂಡಲೆ ಯಾರು ಕಡ್ಡಿ ಚುಚ್ಚತಾರ ಅವರದು.
ಕಡ್ಡಿ ಸಿಗದಿದ್ದರ ಸುತ್ತ ಹೆಬ್ಬೆರಳಿಂದ ಗೆರಿ.
ಕಡ್ಡಿ ಕಿತ್ತಾಕಿ ಕಳ್ಳಿ.
ಯಾವ ಪಂಚರೂ ಬರೆದ ಕಾಯ್ದೆ ಅಲ್ಲ ಇದು.
ಒಂದು ಎಮ್ಮಿಯ ಹೆಂಡಿಯ ಸಲುವಾಗಿ ನಾನೂ ಬಸಲಿಂಗಿಯೂ
ಎರಡು ವರ್ಷ ಮಾತು ಬಿಟ್ಟಿದ್ದೆವು.

ಹಟ್ಟಿಹಬ್ಬ ಮುಗಿದ ಮೂರನೇ ದಿನ
ಓಣಿಯ ಬಾಯಾಗ ದನಿ ಬ್ಯಾರೆ ಆತು.
ತೆಳ್ಳಗ, ತುದಿಗೆ ಒಡದ ದನಿ.
ಹೊಳೆವ್ವ, ಗ್ಯಾನಪ್ಪನ ಹೇಂತಿ.
ಅಂವಗ ಜ್ವರ, ನಾಳೆ ಬರತಾನ ಅಂದಳು.
ತಲಿಮ್ಯಾಲೆ ಸೆರಗು, ಸೆರಗಿನ ಮ್ಯಾಲೆ ಅವನ ಕಂಬಳಿ,
ಕೈಯಾಗ ಅವನ ಬಡಿಗಿ, ಆಕಿಗಿಂತ ಒಂದು ಗೇಣು ಉದ್ದ.

ದನ ನಿಂತವು. ಕಿವಿ ತಿರುವಿದವು.
ಮಗ್ಗವೂ ನಿಂತವು, ಖರೆ ಹೇಳತೀನಿ,
ಓಣಿಗೆ ಓಣಿ ಲಾಳಿ ಹಿಡಕೊಂಡು ಕುಂತಿತ್ತು.
ಹೊಳೆವ್ವ ಮತ್ತ ಕೂಗಲಿಲ್ಲ.
ಕಬರಿಯ ಹಂತೇಕ ಹೋಗಿ ಮೂಗಿಗೆ ಕಂಬಳಿ ಹಿಡಿದಳು.
ಕಬರಿ ಮೂಸಿತು, ಉಸಿರು ಬಿಟ್ಟಿತು, ನಡೀತು.
ಉಳಿದವು ಅದರ ಬಾಲ ನೋಡಿ.

ಜ್ವರ ಹೋತು. ಅದರ ಸಂಗಾಟ ಗ್ಯಾನಪ್ಪನೂ.
ಮೂರು ದಿನ ದನ ಗ್ವಾದಲಿ ಮುಂದ ನಿಂತು ಒದರಿದವು.
ನಾಲ್ಕನೇ ದಿನ ಅದೇ ಕಂಬಳಿ, ಅದೇ ಒಡದ ದನಿ.
ಪಂಚರು ಕೂಡಿದರು. ಹೆಣ್ಣಮಗಳು, ಮಡ್ಡಿ, ತ್ವಾಳ,
ಅವರ ಮಾತು ಮುಗಿಯೂದರೊಳಗ
ದನ ಅಗಸಿ ದಾಟಿದ್ದವು.

ಹನ್ನೊಂದು ವರ್ಷ ಕಾಯ್ದಳು.
ಒಂದು ಕರಾನೂ ಕಳೀಲಿಲ್ಲ ಅನ್ನೂದು ಸುಳ್ಳು.
ಎರಡು ಕಳದವು, ಒಂದು ತ್ವಾಳಕ್ಕ, ಒಂದು ಹಾಳು ಬಾವಿಗೆ.
ಬಾವಿಗೆ ಬಿದ್ದದ್ದರ ಗಂಟಿ ತಂದು ಕೊಟ್ಟು
ಆ ಮನಿಯ ರೊಟ್ಟಿ ಒಂದು ವರ್ಷ ಮುಟ್ಟಲಿಲ್ಲ.

ಸಂಜಿಗೆ ಅವ್ವ ಹೇಳೂದು ಮಾತ್ರ ಬದಲಾಗಲಿಲ್ಲ,
"ಗ್ಯಾನಪ್ಪನ ರೊಟ್ಟಿ ಕೊಟ್ಟು ಬಾ."
ಅಪ್ಪನ ವಹಿಯಾಗ, ಖಣದ ನೂಲಿನ ಬಾಕಿಯ ಕೆಳಗ,
ಗ್ಯಾನಪ್ಪ, ಜ್ವಾಳ ಎರಡು ಸೇರು.
ಸತ್ತಾಂವ ವರ್ಷಾ ವರ್ಷಾ ಉಂಡ.

ಒಮ್ಮೆ ಕೇಳಿದೆ,
"ಎವ್ವಾ, ನಿನ್ನ ಹೆಸರು ಯಾಕ ಯಾರೂ ಹಿಡಿಯೂದಿಲ್ಲ?"
ರೊಟ್ಟಿ ಎರಡಾಗಿ ಮಡಚಿ ಉಡಿಯಾಗ ಇಟಗೊಂಡು
"ಕಬರಿಗೆ ಗೊತ್ತೈತಿ ಬಿಡು" ಅಂದಳು.

ನನ್ನ ಮದುವಿ ಗೊತ್ತಾದ ವರ್ಷ, ಛಳಿಗಾಲ.
ಕಿಡಕಿ ಮುಂದ ಹಿಂಡು ಹಾಯತಿತ್ತು.
ಕಟ್ಟಕಡೀಗೆ, ಗೊರಸುಗಳ ಹಿಂದ, ಎರಡು ಬರಿಗಾಲು.
ಅಪ್ಪ ಲಾಳಿ ನಿಲ್ಲಿಸಿದ.
"ಹಿಮ್ಮಡ ಒಡದಾವ ಆಕಿಗೆ. ಎಣ್ಣಿ ಕಳಸ್ರಿ."
ಒಳಗಿಂದ ಅವ್ವ, "ಯಾರಿಗೆ?"
ಅಪ್ಪ ಎಳಿ ಹರದಿಲ್ಲದಿದ್ದರೂ ಎಳಿ ಹುಡುಕಿದ.
"ಹೊಳೆವ್ವಗ."

ಬಟ್ಟಲಾಗ ಎಣ್ಣಿ ಒಯ್ದವಳು ನಾನೇ.
ಕಬರಿ ಹೋಗಿ ಒಂದು ವರ್ಷಾಗಿತ್ತು.
ಅದರ ಮಗಳ ಮುಂಗಾಲು ಎತ್ತಿ ತೊಡಿಮ್ಯಾಲಿಟ್ಟು
ಸೀಳಿದ ಗೊರಸಿಗೆ ಸಾವಕಾಶ ತಿಕ್ಕಿದಳು.
ಬೆರಳಿಗೆ ಹತ್ತಿದಷ್ಟನ್ನ
ತನ್ನ ಹಿಮ್ಮಡಕ್ಕ ಒರಸಿಕೊಂಡು
ಬಟ್ಟಲ ನನಗ ತಿರುಗಿ ಕೊಟ್ಟಳು.