ಮೊದಲ ಹಿಟ್ಟು

ಕೋಲಾರದ ಡಿಪೋದಿಂದ ಗಾಡಿ ಹೊರಡುವ ಮುಂಚೆ
ದಸ್ತಗೀರಣ್ಣ ಟೈರಿಗೆ ಒದ್ದು ನೋಡುತ್ತಾನೆ.
ನಾನು ನನ್ನ ಡಬ್ಬಿ ಅಲ್ಲಾಡಿಸಿ ನೋಡುತ್ತೇನೆ:
ಕಡಲೆಕಾಯಿ, ಎರಡು ಬಾಳೆಹಣ್ಣು, ಸಜ್ಜೆ ರೊಟ್ಟಿ,
ಯಾರಿಗೂ ಕೊಡದ ಒಂದು ಸ್ಟೀಲ್ ಚಮಚ.

ಮೂರು ವರ್ಷ ಕಬ್ಬಿಣದ ಮಾತ್ರೆ ನುಂಗಿದೆ.
ರಕ್ತ ಇಲ್ಲ ಅಂದರು, ಜಂತು ಅಂದರು,
ದೃಷ್ಟಿ ಅಂದಳು ನಾದಿನಿ, ತಾಯತ ತಂದಳು.
ಶ್ರೀನಿವಾಸಪುರ ದಾಟುವಷ್ಟರಲ್ಲಿ ಎರಡು ಸಲ
ಸೀಟಿ ಊದಿ, ಮಾವಿನ ತೋಪಿನೊಳಗೆ ಓಡಿದ್ದೇನೆ,
ಹೆಗಲ ಚೀಲದ ಚಿಲ್ಲರೆ ಗಲಗಲ ಅನ್ನುತ್ತ
ಐವತ್ತು ಜನಕ್ಕೂ ಸಾರುತ್ತ.

ಟಮಕದ ಆಸ್ಪತ್ರೆಯಲ್ಲಿ ಗಂಟಲೊಳಗೆ ನಳಿಕೆ ಬಿಟ್ಟು
ಟೀವಿಯಲ್ಲಿ ನನ್ನ ಕರುಳು ತೋರಿಸಿದರು.
ಒಳಗೆ ರೋಮದ ಹಾಗೆ ಇರಬೇಕಮ್ಮ, ಸವೆದಿದೆ ಅಂದ
ಡಾಕ್ಟರು ಹುಡುಗ.
ನನಗೆ ಕಂಡದ್ದು ನಮ್ಮ ಗಾಡಿಯ ಹಿಂದಿನ ಎಡಗಡೆ ಟೈರು:
ಗೆರೆ ಮಾಯವಾಗಿ, ನುಣ್ಣಗೆ,
ಮಳೆ ಬಂದರೆ ರಸ್ತೆ ಹಿಡಿಯದ್ದು.
ಸೀಲಿಯಾಕ್ ಅಂತ ಬರೆದುಕೊಟ್ಟ.
ಗೋಧಿ ಬಿಡಿ. ರವೆ, ಮೈದಾ, ಶ್ಯಾವಿಗೆ ಬಿಡಿ.
ಎಷ್ಟು ದಿನ ಸಾರ್?
ಇರೋವರೆಗೂ.

ಬಿಡೋದು ಕಷ್ಟವಲ್ಲ.
ಬಿಟ್ಟೆ ಅಂದುಕೊಂಡದ್ದು ಬಿಟ್ಟಿಲ್ಲ ಅಂತ
ರಾತ್ರಿ ಹೊಟ್ಟೆ ಹೇಳಬೇಕು, ಅದು ಕಷ್ಟ.
ದೋಸೆಯ ಹೆಂಚಿನ ಮೇಲೆ ಈಗತಾನೆ ಚಪಾತಿ ಮಗುಚಿದ್ದರು.
ಬೋಂಡದ ಎಣ್ಣೆಯಲ್ಲಿ ಬೆಳಿಗ್ಗೆ ಪೂರಿ ಉಬ್ಬಿತ್ತು.
ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತಂತೆ;
ತೆಂಗು ಸರಿ. ಇಂಗಿನ ಡಬ್ಬಿ ತಿರುಗಿಸಿ
ದಸ್ತಗೀರಣ್ಣನ ಕನ್ನಡಕ ಹಾಕಿಕೊಂಡು ಓದಿದೆ:
ಇರುವೆ ಸಾಲಿನಂಥ ಅಕ್ಷರದಲ್ಲಿ, ಗೋಧಿಹಿಟ್ಟು.
ಆವತ್ತಿನಿಂದ ಯಾವ ಊರಿನ ಸಾರು ಘಮ್ಮೆಂದರೂ
ಟಿಕೆಟ್ ತಗೊಳ್ಳದವನೊಬ್ಬ ಅದರಲ್ಲಿ
ಎಲ್ಲೋ ತಲೆ ತಗ್ಗಿಸಿ ಕೂತಿದ್ದಾನೆ ಅನ್ನಿಸುತ್ತೆ.

ಚಿಂತಾಮಣಿಯಲ್ಲಿ ಇಪ್ಪತ್ತು ನಿಮಿಷ ಊಟಕ್ಕೆ.
ಪಿಳ್ಳಮ್ಮನ ಮೆಸ್ಸಿನ ಬೆಂಚಿನಲ್ಲಿ ನನ್ನ ಡಬ್ಬಿ ಬಿಚ್ಚಿದೆ,
ಅವಳ ಹಿದಕಬೇಳೆ ಸಾರು ಬೇಡವೆಂದೆ,
ಲೋಟವನ್ನೂ ಪಕ್ಕಕ್ಕೆ ಸರಿಸಿದೆ.
ಒಂದು ವಾರ ನೋಡಿದಳು. ಎಂಟನೇ ದಿನ
ಸೌಟು ಹಿಡಿದೇ ಬಂದಳು:
"ಏನಮ್ಮಾ, ನಮ್ಮ ಕೈದು ಆಗಲ್ವಾ? ಮಡಿನಾ?"

ನಗು ಬಂತು. ಅರ್ಧಕ್ಕೇ ನಿಂತಿತು.
ನಮ್ಮಜ್ಜಿ ಬೊಗಸೆಯೊಡ್ಡಿ ಕೂತವಳು,
ಎತ್ತರದಿಂದ ಹೊಯ್ದ ನೀರು
ಮೊಣಕೈಯಿಂದ ತೊಟ್ಟಿಕ್ಕುವಂತೆ ಕುಡಿದವಳು,
ಹೋಟೆಲಿನ ಹಿತ್ತಿಲಲ್ಲಿ ಗೂಟಕ್ಕೆ ಸಿಕ್ಕಿಸಿದ ಬೇರೆ ಲೋಟ
ತಾನೇ ತೊಳೆದು ಸಿಕ್ಕಿಸಿ ಬಂದವಳು.
ಈಗ ಬೇರೆ ಲೋಟ ಹಿಡಿದು ಕೂತವಳು ನಾನು.

ಮಡಿಯಲ್ಲಕ್ಕಾ, ಕಾಯಿಲೆ ಅಂದೆ.
ಒಳಗೆ ಹೋಗಿ ಒಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು
ಎಲ್ಲ ಹೇಳಿದೆ, ಟೈರು, ಇಂಗು, ಮಾವಿನ ತೋಪು.
ಅವಳು ಈರುಳ್ಳಿ ಹೆಚ್ಚುವುದು ನಿಲ್ಲಿಸಲಿಲ್ಲ.
"ಮುದ್ದೆ ತಿನ್ನು ಮತ್ತೆ. ರಾಗಿಗೇನು ರೋಗ?"
ರಾಗಿಗೇನೂ ಇಲ್ಲ. ಗಿರಣಿಗಿದೆ.
ಯಾರದೋ ಗೋಧಿ ಬೀಸಿದ ಕಲ್ಲಿಗೇ
ನಮ್ಮ ರಾಗಿ ಸುರಿಯೋದು.

ಮಂಗಳವಾರ ಬೆಳಗ್ಗೆ ಆರಕ್ಕೆ
ಬಚ್ಚಪ್ಪನ ಗಿರಣಿ ಬಾಗಿಲು ತೆಗೆಯುವಾಗಲೇ ಅವಳು ನಿಂತಿದ್ದಳಂತೆ,
ಕಲ್ಲು ಬಿಚ್ಚಿಸಿ ಗುಡಿಸಿ, ಒಂದು ಸೇರು ನುಚ್ಚಕ್ಕಿ ಓಡಿಸಿ,
ಅದನ್ನು ಕೋಳಿಗೆ ತೆಗೆದಿಟ್ಟು, ಆಮೇಲೆ ರಾಗಿ.
"ಇದೇನು ಮದುವೆ ಹೆಣ್ಣಾ?" ಅಂತ ಬಚ್ಚಪ್ಪ ಗೊಣಗಿದನಂತೆ.

ಹಸಿರು ದಾರ ಕಟ್ಟಿದ ಪಾತ್ರೆ ನನ್ನದು.
ಇಂಗಿಲ್ಲದ ಸಾರಿಗೆ ಜಜ್ಜಿದ ಬೆಳ್ಳುಳ್ಳಿ.
ಆರು ತಿಂಗಳಿಗೆ ರಕ್ತ ಹತ್ತು ದಾಟಿತು.
ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟನಂತೆ;
ನಾನು ಕಿತ್ತು ಕೊಟ್ಟದ್ದು ಟಿಕೆಟ್ಟು ಮಾತ್ರ,
ಆದರೂ ತೋಪಿನ ಹತ್ತಿರ ಈಗ
ಮಾವಿನ ಹೂ ನೋಡಿಕೊಂಡು ಹೋಗುತ್ತೇನೆ.

ಹಾರನ್ನು. ಬೆರಳು ಇನ್ನೂ ಸುಡುತ್ತಿದೆ,
ನೆಕ್ಕುತ್ತಲೇ ಮೆಟ್ಟಿಲು ಹತ್ತುತ್ತೇನೆ.
"ನಾಳೆ ತಂಪಿಗೆ ಬಾರ್ಲಿ ಗಂಜಿ ಕಾಯಿಸ್ಲಾ?"
ಬೇಡಕ್ಕೋ, ಅದೂ ಆಗಲ್ಲ!
"ಅಯ್ಯೋ, ಅದನ್ನ ಹೇಳೇ ಇಲ್ವಲ್ಲೇ ನೀನು,
ಇನ್ನೂ ಏನೇನಿದೆ?"
ಸೀಟಿ ಆಗಲೇ ಬಾಯಲ್ಲಿತ್ತು.