ಅಲ್ಪವಿರಾಮ

ಸಂಘದ ಕೆಲಸ. ನಲವತ್ತಮೂರು ಹೆಂಗಸರು,
ನೀರಿಳಿದಾಗ ಅರೋಸಾ ಕೊಲ್ಲಿಯ ಮರಳು ಕೆದಕಿ
ಕಪ್ಪೆಚಿಪ್ಪು ಹೆಕ್ಕುವವರು.
ಯಾರು ಎಷ್ಟು ಕಿಲೋ ಹೆಕ್ಕಿದರೆಂದು
ದಡದಲ್ಲೇ ನಿಂತು ಫೋನಿನಲ್ಲಿ ಬರೆಯಬೇಕು.
ಇಷ್ಟೇ. ಇಷ್ಟಕ್ಕೆ ನನಗೆ ಆರು ವಾರ,
ಮೊದಲ ವಾರವಿಡೀ ಒಂದೇ ಪ್ರಶ್ನೆ:
ಮೊದಲು ಬಿಡಿಸಲೇ, ನೇರ ಜೋಡಿಸಲೇ?

ಬಿಡಿಸುವ ತಂತ್ರಾಂಶ ನನಗೆ ಕೈವಶ.
ಸಮುದ್ರದ ಹಸಿರಿಗೆ ಹದಿನಾಲ್ಕು ಹೆಸರು,
ಗುಂಡಿಯ ಅಂಚಿಗೆ ಕೂದಲೆಳೆಯಷ್ಟು ನೆರಳು.
ಎರಡು ರಾತ್ರಿ ಕೂತು ಹದಿನೇಳು ಪರದೆ ಮಾಡಿದೆ.
ಡೊರಿಂಡಾಗೆ ತೋರಿಸಿದೆ. ಅವಳು ಕೈಗವಸು ಹಲ್ಲಲ್ಲಿ ಎಳೆದು
ಒದ್ದೆ ಹೆಬ್ಬೆರಳಿನಿಂದ ಒತ್ತಿದಳು.
ಮತ್ತೆ ಒತ್ತಿದಳು.
"ಚಂದ ಇದೆ ಮಗಳೇ. ತೆರೆಯೋದಿಲ್ಲ."
ಕನ್ನಡಿಯೊಳಗಿನ ಗಂಟಿಗೆ
ನಾನು ಬಣ್ಣ ಬಳಿಯುತ್ತ ಕೂತಿದ್ದೆ.

ಸರಿ ಎಂದು ಇನ್ನೊಂದು ದೋಣಿ ಹತ್ತಿದೆ.
ಇಟ್ಟಿಗೆ ಎಳೆ, ಇಟ್ಟಿಗೆ ಇಡು. ಕೋಡ್ ಅಲ್ಪವೇ ಸಾಕು
ಎಂದು ಮಾರುವವನು ಆಣೆ ಮಾಡಿದ್ದ.
ನಿಜವೇ. ಮಧ್ಯಾಹ್ನದ ಸೂಪು ಆರುವ ಮೊದಲು
ಹೆಸರು, ತೂಕ, ದಿನಾಂಕ ಎಲ್ಲ ಎದ್ದು ನಡೆದಾಡಿದವು.
ಸ್ವಲ್ಪ ನಾಚಿಕೆಯಾಯಿತು. ಹತ್ತು ವರ್ಷ ಕಲಿತದ್ದು
ಇಷ್ಟು ಬೇಗ ಬೇಡವಾಗಬಹುದೆ?
ಗುಂಡಿ ಮಾತ್ರ ಅವರದೇ ನೀಲಿ,
ಎಲ್ಲ ಬ್ಯಾಂಕಿನ, ಎಲ್ಲ ಆಸ್ಪತ್ರೆಯ ನೀಲಿ.

ಮಂಗಳವಾರ, ಬೆಳಗಿನ ಇಳಿತ.
ಡೊರಿಂಡಾ ಮೂರೂವರೆ ಕಿಲೋ ತೂಗಿ
ಇಲ್ಲಿ ಎಲ್ಲರೂ ಬರೆಯುವ ಹಾಗೆ
ಮೂರು, ನಡುವೆ ಅಲ್ಪವಿರಾಮ, ಆಮೇಲೆ ಐದು ಬರೆದಳು.
ಇಟ್ಟಿಗೆಗೆ ಚುಕ್ಕಿ ಗೊತ್ತು, ವಿರಾಮ ಗೊತ್ತಿಲ್ಲ.
ಮೂವತ್ತೈದು ಎಂದು ಓದಿಕೊಂಡು
ಮಿತಿ ಮೀರಿದ್ದಾಳೆಂದು ಕೆಂಪಾಗಿ ಕದ ಹಾಕಿತು.
ನಲವತ್ತೆರಡು ಹೆಂಗಸರು ಅವಳತ್ತ ತಿರುಗಿದರು.
ಒಬ್ಬಳು ನಕ್ಕಳು. ಡೊರಿಂಡಾ ನಗಲಿಲ್ಲ.
ಇಪ್ಪತ್ತೆರಡು ವರ್ಷದಲ್ಲಿ
ಒಂದು ಚಿಪ್ಪೂ ಹೆಚ್ಚಿಗೆ ಒಯ್ದವಳಲ್ಲ.

ರಾತ್ರಿ ಆ ಇಟ್ಟಿಗೆಯೊಳಗೆ ಕೈ ಹಾಕಲು ಹೋದೆ.
ಬೀಗ. ಬೀಗದ ಕೈಗೆ ತಿಂಗಳಿಗೆ, ತಲೆಗೆ, ಹನ್ನೊಂದು ಯೂರೋ.
ನಲವತ್ತಮೂರು ತಲೆ. ಲೆಕ್ಕ ಹಾಕಿ ಹಾಳೆ ಮಡಚಿಟ್ಟೆ.
ಗೋಡೆಯಲ್ಲಿ ಅವರೇ ಬಿಟ್ಟ ಒಂದು ಕಿಂಡಿಯಿತ್ತು,
ಹೊರಗಿನ ಪುಟವೊಂದನ್ನು ಅಂಟಿಸುವಷ್ಟು.
ಅದರೊಳಗೆ ನನ್ನ ಹನ್ನೆರಡು ಸಾಲು ತುರುಕಿದೆ,
ಹದಿನೇಳರಲ್ಲಿ ಉಳಿದ ಒಂದೇ ಪರದೆ ಇಟ್ಟೆ:
ತೂಕದ ಪೆಟ್ಟಿಗೆ, ಅದರ ಕೆಳಗೆ
ಒದ್ದೆ ಹೆಬ್ಬೆರಳಿನ ಅಗಲದ ಗುಂಡಿ.
ನೆರಳು ತೆಗೆದುಬಿಟ್ಟೆ.

ಎರಡು ದೋಣಿಯಲ್ಲಿ ಕಾಲಿಟ್ಟವರು ಮುಳುಗುತ್ತಾರಂತೆ.
ಇರಬಹುದು. ನೀರಿಳಿದ ಹೊತ್ತಿನಲ್ಲಿ
ಇಲ್ಲಿ ದೋಣಿಗಳೆಲ್ಲ ಮರಳ ಮೇಲೆ
ಒಂದಕ್ಕೊಂದು ಒರಗಿ ಕೂತಿರುತ್ತವೆ.
ನೀರು ಮರಳಿದ ಮೇಲೆ ಏನೋ, ಗೊತ್ತಿಲ್ಲ.

ಗುರುವಾರ ಡೊರಿಂಡಾ ಮೂರು ಒತ್ತಿದಳು.
ವಿರಾಮದ ಮೇಲೆ ಬೆರಳು ತಡೆಯಿತು,
ನನ್ನ ಮುಖ ನೋಡಿದಳು.
ಒತ್ತಿದಳು.
ಆಮೇಲೆ ಐದು, ಆಮೇಲೆ ಕೈಗವಸು.