ನಾಳೆಯಿಂದ ಬಂದವಳು

ಅಪಿಯಾದಿಂದ ಪಾಗೊ ಪಾಗೊಗೆ
ನೂರಿಪ್ಪತ್ತು ಕಿಲೋಮೀಟರು, ಮೇಲೆ ಚಿಲ್ಲರೆ.
ರೆಕ್ಕೆಗೆ ಮೂವತ್ತೈದು ನಿಮಿಷ,
ಕ್ಯಾಲೆಂಡರಿಗೆ ಒಂದು ದಿನ, ಹಿಂದಕ್ಕೆ.
ಗಡಿಯಾರ ಮುಟ್ಟಬೇಡಿ ಎನ್ನುತ್ತೇನೆ ಎಲ್ಲರಿಗೂ,
ಮುಳ್ಳು ಇದ್ದಲ್ಲೇ ಇರಲಿ, ವಾರ ಮಾತ್ರ ಬದಲಿಸಿ.

ನನ್ನ ಕೆಲಸ ತೂಗುವುದು.
ವಿಮಾನ ಸಣ್ಣದು; ಪೆಟ್ಟಿಗೆಯ ಜೊತೆ ಮನುಷ್ಯರನ್ನೂ
ತಕ್ಕಡಿ ಹತ್ತಿಸಿ ಬರೆದುಕೊಳ್ಳುತ್ತೇನೆ.
ಗಟ್ಟಿಯಾಗಿ ಓದುವುದಿಲ್ಲ. ಅಷ್ಟು ಮರ್ಯಾದೆ ನನಗೂ ಗೊತ್ತು.

ಶನಿವಾರ ಬೆಳಿಗ್ಗೆ ಸಿನಲೇಯಿ ಬಂದಳು,
ಬೆರಳ ತುದಿಯೆಲ್ಲ ಸೂಜಿಯ ತೂತು.
ತೊಂಬತ್ತೊಂದು ಕಿಲೋ, ಕೋಪ ಬಿಟ್ಟು.
"ಎಲ್ಲಿಗೆ?"
"ವಸೂಲಿಗೆ."

ಆಚೆ ದಡದಲ್ಲಿ ತಮ್ಮ ಪೆನಿಯಾಮಿನಾ.
ಮೀನು ಡಬ್ಬಿಯ ಕಾರ್ಖಾನೆ ಯಾರದೋ, ವಾಸನೆ ಮಾತ್ರ ಅವನದು.
ಇಗರ್ಜಿಯ ಹಾಡುಗಾರ್ತಿಯರಿಗೆ ಹದಿನೆಂಟು ಬಿಳಿ ಅಂಗಿ
ಹೊಲಿಸಿಕೊಂಡು ಏಳು ತಿಂಗಳು.
ಫೋನು ಮಾಡಿದರೆ ಒಂದೇ ಮಾತು: ನಾಳೆ.
ಸಾಲ ಕೇಳಬೇಡಿ ಎನ್ನುವ ಅಂಗಡಿಯ ಹಲಗೆಯಂತೆ
ಯಾವ ದಿನ ಓದಿದರೂ, ನಾಳೆ.

"ಇವತ್ತು ಹತ್ತಿ ನಿನ್ನೆ ಇಳಿಯುತ್ತೇನೆ," ಅಂದಳು,
"ಅವನ ನಾಳೆ ಹೇಗಿದೆಯೆಂದು ಕಂಡೇ ಹೊರಟಿದ್ದೇನೆ:
ಮೋಡವಿದೆ, ಮಳೆಯಿಲ್ಲ, ಅವನ ದುಡ್ಡೂ ಇಲ್ಲ."
ಪೈಲಟ್ ನಕ್ಕ. ನಾನು ಅವಳನ್ನು
ಮುಂದಿನ ಸಾಲಿಗೆ ಹಾಕಿದೆ, ತೂಕಕ್ಕಾಗಿ.

ಉಳಿದದ್ದು ಅವಳೇ ಹೇಳಿದ್ದು.
ಇಳಿದಾಗ ಅಲ್ಲಿ ಶುಕ್ರವಾರ, ಸಂಬಳದ ದಿನ.
ರಬ್ಬರ್ ಬೂಟಿನಲ್ಲೇ ನಿಂತಿದ್ದನಂತೆ ಗೇಟಿನಲ್ಲಿ.
ಅಲ್ಲಿ ರಸ್ತೆಯ ಬಲಕ್ಕೆ ಓಡಿಸುತ್ತಾರೆ; ತಿರುವಿಗೊಮ್ಮೆ
ಅಕ್ಕನ ಕಾಲು ಇಲ್ಲದ ಬ್ರೇಕು ತುಳಿಯಿತು.
"ನಾಳೆ..." ಎಂದು ಬಾಯಿ ತೆರೆದ.
"ಅದನ್ನ ಅರ್ಧ ಮುಗಿಸಿಯೇ ಬಂದೆ ಕಣೋ."

ಆರುನೂರು ಡಾಲರಿಗೆ ನೂರನಲವತ್ತು ಎಣಿಸಿದ.
ಮರುದಿನ ಮತ್ತೆ ಶನಿವಾರ,
ಅದೇ ಶನಿವಾರ; ಎರಡನೆಯ ಸಲಕ್ಕೆ ಜಗಳವೂ ಹಳಸಿತ್ತು.

ಭಾನುವಾರ ಹಿಂದಿನ ಬೆಂಚಿನಿಂದ ನೋಡಿದಳು:
ಹದಿನೆಂಟು ಬಿಳುಪು ಒಟ್ಟಿಗೆ ಉಸಿರೆಳೆದವು.
ಮೂರನೆಯವಳ ತೋಳಿನ ಹೊಲಿಗೆ ಬಿಟ್ಟಿತ್ತು.
ಆಮೇಲೆ ಪಾದ್ರಿಯ ಒಂದು ಮಾತೂ ಕಿವಿಗೆ ಬೀಳಲಿಲ್ಲ.
ಬಾಗಿಲಲ್ಲಿ ಆಕೆಯನ್ನು ತಡೆದು, ತೊಟ್ಟಂತೆಯೇ ಹೊಲಿದು,
ದಾರವನ್ನು ಹಲ್ಲಲ್ಲಿ ಕಡಿದು ಬಂದಳು.

ಭಾನುವಾರ ಸಂಜೆ ಹಾರಿ ಸೋಮವಾರ ಸಂಜೆ ಇಳಿದಳು.
ನಡುವಿನ ಒಂದು ರಾತ್ರಿ, ಒಂದು ಹಗಲು
ಯಾರ ಹಾಸಿಗೆಯಲ್ಲಿ ಮಲಗಿ ಎದ್ದಿತೆಂದು ನನ್ನನ್ನು ಕೇಳಿದಳು.
ನಾನೇನು ಹೇಳಲಿ, ಒಮ್ಮೆಯೂ ಹತ್ತಿದವನಲ್ಲ.

ಬಂದವರನ್ನು ತೂಗುವ ನಿಯಮವಿಲ್ಲ.
ಆದರೂ ಅವಳ ಚೀಲ ಇಡಿಸಿದೆ:
ಟ್ಯೂನಾ ಡಬ್ಬಿ, ನಲವತ್ತೆರಡು.
"ಬಡ್ಡಿಯೇ?"
"ಹ್ಞೂಂ. ಅಸಲು ನಾಳೆ."

ಹೋಗುವಾಗ ಒಂದು ಡಬ್ಬಿ ತಕ್ಕಡಿಯ ಮೇಲೇ ಬಿಟ್ಟಳು.
ಮುಳ್ಳು ಅಲುಗಲಿಲ್ಲ.